ಪೂಜೆಗೆ ಕುಳಿತ ಬ್ಯಾಟರಿ

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಡಿಕೇರಿಯಲ್ಲಿ ಒಂದು ಛತ್ರಿ ಕೊಂಡು ತಂದರೂ ಅದರ ಗುಣಗಾನವನ್ನು ನಾಲ್ಕು ಜನರ ಮುಂದೆ ಮಾಡದಿದ್ದರೆ ನನಗೆ ಅನ್ನ ಮೈಗೆ ಹತ್ತುವುದಿಲ್ಲ. ಈ ಚಟದಿಂದ ಆರು ಚಿನ್ನದ ಬಣ್ಣದ ಮೀನುಗಳು ಸಾಯುವ ಹಂತಕ್ಕೆ ಬಂದವು, ನಾನು ಎರಡು ದಿನ ಸೌಟು ಹಿಡಿಯುವಂತಾಯಿತು.

ಮಾದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದರೆ ಏನೋ ಕಥೆ ಕಾದಂಬರಿ ಬರೆಯುವವನೆಂದು ತಿಳಿಯಬೇಡಿ. ಆಳುಗಳ ಹಾಜರಿ ಬರೆಯುವವನು. ಮನೆ ಮಾತ್ರ ಸುಂಟಿಕೊಪ್ಪದಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಕೊಡಗು ಮೈಸೂರಿಗೆ ಸೇರಿದ ಹೊಸತು. ಆಗ ನಮ್ಮ ಬೀದಿಗೆ ಕರೆಂಟು ಬಂದಿತ್ತು. ಬಂದಿತ್ತು ಎನ್ನುವುದಕ್ಕಿಂತ ಬಂದು ಹೋಗಿ ಮಾಡುತ್ತಿತ್ತು ಎನ್ನುವುದು ಸರಿ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿದರೆ ಮುಗಿಯಿತು, ಮತ್ತೆ ಬರುವುದು ದೇವರ ಚಿತ್ತ.

ಮ್ಯಾನೇಜರರೂ ಅವರ ಹೆಂಡತಿಯೂ ಒಂದು ತಿಂಗಳ ಮಟ್ಟಿಗೆ ಮದ್ರಾಸಿಗೆ ಹೊರಟರು. ಆ ಅಮ್ಮನವರನ್ನು ಎಸ್ಟೇಟಿನವರೆಲ್ಲ ಈಗಲೂ ಹಳೇ ರೂಢಿಯಂತೆ ದೊರಸಾನಿ ಎನ್ನುತ್ತಾರೆ. ಅವರ ಪ್ರಾಣವೆಲ್ಲ ಬಂಗಲೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಆರು ಮೀನುಗಳಲ್ಲಿ. ಆ ನೀರಿಗೆ ಗಾಳಿ ಊದಲು ಗುಂಯ್ ಎನ್ನುವ ಪುಟ್ಟ ಕರೆಂಟ್ ಯಂತ್ರವೊಂದಿತ್ತು. ಯಜಮಾನರಿಲ್ಲದಾಗ ಬಂಗಲೆಗೆ ಕರೆಂಟು ಕೊಡುವ ಎಂಜಿನ್ ನಿಲ್ಲಿಸುತ್ತಾರಾದ್ದರಿಂದ ಮೀನು ಎಲ್ಲಿ ಬಿಡುವುದೆಂದು ಅವರು ಚಿಂತಿಸುತ್ತಿದ್ದರು. "ನಮ್ಮ ಮನೇಲಿ ಕರೆಂಟಿದೆ, ಅಮ್ಮ" ಎಂದೆ. ಕೇಳಿದವರು ಯಾರು? ಯಾರೂ ಇಲ್ಲ. "ಆರೂ ಜೀವಂತ ನನಗೆ ವಾಪಸ್ ಬೇಕು ರೈಟರೇ, ನಿಮ್ಮನ್ನೇ ನಂಬಿದ್ದೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಅವರು ಒಪ್ಪಿಸಿದರು.

ಮೀನು ಕಂಡು ಅವ್ವ ಮೂಗು ಮುರಿದಳು. "ಸಾರಿಗೂ ಇಲ್ಲೆ, ಹುರಿಯಕೂ ಇಲ್ಲೆ. ಮತ್ತೆ ಎಂತಕ್ಕೆ ಈ ಮೀನ್?" ನಾವು ಅರೆಭಾಷೆ ಗೌಡರು, ನಮ್ಮ ಮನೆಯಲ್ಲಿ ಮೀನು ನೀರಿನಲ್ಲಿರುವುದಕ್ಕೆ ಒಂದು ಅವಧಿಯಿದೆ.

ಕರೆಂಟು ಹೋದರೆ? ಹಿಂದೆ ರೇಡಿಯೋ ಓಡಿಸುತ್ತಿದ್ದ ಲಾರಿ ಬ್ಯಾಟರಿಯೊಂದು ಮೂಲೆಯಲ್ಲಿತ್ತು. ಅದನ್ನು ಮೆಕ್ಯಾನಿಕ್ ಹಂಸನ ಬಳಿ ಹೊತ್ತುಕೊಂಡು ಹೋದೆ. ಗಾಳಿ ಯಂತ್ರ ಬ್ಯಾಟರಿಗೆ ಓಡುವುದಿಲ್ಲವೆಂದು ತಲೆಯಾಡಿಸಿದ ಹಂಸ, ಹಳೇ ವ್ಯಾನೊಂದರ ವೈಪರ್ ಮೋಟಾರು ಬಿಚ್ಚಿ, ವೈಪರಿನ ಜಾಗಕ್ಕೆ ನಮ್ಮ ದೋಸೆ ಮಗುಚುವ ಸಟ್ಟುಗವನ್ನು ಕಟ್ಟಿದ. ಬ್ಯಾಟರಿ ಕೊಟ್ಟರೆ ಸಟ್ಟುಗ ನೀರನ್ನು ಪಟಪಟ ಬಡಿಯುತ್ತಿತ್ತು. "ಮೀನಿಗೆ ಮಳೆ ಬಂತು ಅಂತ ಆಗ್ಬೇಕು ರೈಟ್ರೇ, ಅಷ್ಟೇ!" ಎಂದ. ಹೆಂಡತಿ ಸೀತೆ ಮಾತ್ರ ಸಟ್ಟುಗ ಹೋದ ಸಿಟ್ಟಿಗೆ ಮೂರು ದಿನ ದೋಸೆ ಹೊಯ್ಯಲಿಲ್ಲ.

ನಾನು ಸುಮ್ಮನಿರಬೇಕಿತ್ತು. ಬಂದುಹೋದವರಿಗೆಲ್ಲ ತೋರಿಸಿದೆ. "ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಆಯುಧ ಇನ್ನೊಂದಿಲ್ಲ" ಎಂದು ಅವ್ವನ ಎದುರಿಗೇ ಹತ್ತು ಸಲ ಹೇಳಿದೆ.

ಕೈಲ್ ಮುಹೂರ್ತ ಬಂತು. ಆಯುಧಗಳನ್ನು ಪೂಜಿಸುವ ಹಬ್ಬ. ಕೋವಿ, ಕತ್ತಿ, ನೇಗಿಲು ಎಲ್ಲವನ್ನೂ ತೊಳೆದು ದೇವರ ಮುಂದೆ ಇಟ್ಟರೆ, ಪೂಜೆಯಾಗಿ ಕೋವಿಯ ಬಾಯಿಗೆ ತೋಕುಹೂ ಎಂಬ ಕಾಡುಹೂ ಸಿಕ್ಕಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಹಬ್ಬಕ್ಕೆ ಎರಡು ದಿನವಿರುವಾಗ ಮಧ್ಯಾಹ್ನ ಕರೆಂಟು ಹೋಯಿತು. ಮೀಸೆ ತಿರುವುತ್ತ ಬ್ಯಾಟರಿಗೆ ಕೈಹಾಕಿದೆ. ಬ್ಯಾಟರಿ ಇಲ್ಲ. ಮೋಟಾರಿಲ್ಲ. ಸಟ್ಟುಗವೂ ಇಲ್ಲ. ಮೂರೂ ಅಪ್ಪನ ಕೋವಿಯ ಪಕ್ಕ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು.

"ನೀನೇ ಹೇಳ್ದಲ, ಇದ್ಕಿಂತ ದೊಡ್ಡ ಆಯುಧ ಇಲ್ಲೆಂತ. ಕೋವಿಗಿಂತ ಮೊದ್ಲು ಇದ್ನೇ ಇಟ್ಟೊಳೆ" ಎಂದಳು ಅವ್ವ.

ಬೇಡಿದೆ, ಕಾಡಿದೆ. ಪೂಜೆಗಿಟ್ಟ ಆಯುಧ ಮುಟ್ಟುವಂತಿಲ್ಲವೆಂದು ಅವ್ವ ಜಗ್ಗಲಿಲ್ಲ. ಕದ್ದು ತೆಗೆಯೋಣವೆಂದರೆ ದೊಡ್ಡಪ್ಪನ ನೆನಪಾಯಿತು. ಅವರು ಒಮ್ಮೆ ಪೂಜೆಗೆ ಮೊದಲೇ ಕೋವಿ ಎತ್ತಿ, ಹಂದಿಗೆಂದು ಗುರಿಯಿಟ್ಟು, ಬೇಲಿಗೆ ನೇತುಹಾಕಿದ್ದ ತಮ್ಮದೇ ಕೋಟಿಗೆ ಹೊಡೆದಿದ್ದರು. ಅತ್ತ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ದೊರಸಾನಿಯ ಮುಖ ಕಣ್ಣಿಗೆ ಕಟ್ಟಿತು. ನನಗೆ ಅಳು ಬರುವುದೊಂದು ಬಾಕಿ.

ಅವ್ವ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. "ಹೊಳೆಲಿ ಮೀನ್ ಬದ್ಕುದು ಬ್ಯಾಟರಿ ಇಟ್ಕಂಡಲ್ಲ. ಎತ್ತರಂದ ನೀರ್ ಬಿದ್ದರೆ ಸಾಕ್" ಎಂದು ಸಾರಿನ ಸೌಟು ತಂದು, ನೀರು ಎತ್ತಿ ಮೇಲಿನಿಂದ ಹೊಯ್ದಳು. ಜುಳುಜುಳು ಸದ್ದಿಗೆ, ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಬಾಯಿ ಮುಚ್ಚಿ ಕೆಳಗಿಳಿದವು. ಆಮೇಲೆ ಸೌಟು ನನ್ನ ಕೈಗೆ ಬಂತು. ಸೀತೆ ಒಂದು ಪಾಳಿ, ಅವ್ವ ಅರ್ಧ ಪಾಳಿ, ಮಿಕ್ಕಿದ್ದೆಲ್ಲ ನಾನು. ಬಲಗೈ ಸೋತರೆ ಎಡಗೈ.

ಹಬ್ಬದ ಬೆಳಿಗ್ಗೆ ಅವ್ವ ಆಯುಧಗಳಿಗೆಲ್ಲ ಗಂಧ ಹಚ್ಚುತ್ತ ಬಂದವಳು ಸೌಟಿಗೂ ಹಚ್ಚಿದಳು. ನಂತರ ನನ್ನ ಹಣೆಗೂ ಹಚ್ಚಿ, ಕಿವಿಗೊಂದು ಹೂವಿಟ್ಟು, "ಎರಡ್ ದಿನಂದ ದುಡಿದ ಆಯುಧ ಇದೇ ಅಲ್ವಾ" ಎಂದು ನಕ್ಕಳು. ಸಿಕ್ಕಿದ್ದೇ ಅವಕಾಶವೆಂದು ಕೋವಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. "ಪೂಜೆಗಿಟ್ಟ ಆಯುಧ ಮುಟ್ಟಿಕೆ ಇಲ್ಲೆ, ನೀನೇ ಹೇಳ್ದಲವ್ವಾ. ಮಂಗಳಾರತಿ ಆಗುವ ತನಕ ನಾನ್ ಏಳುಲೆ."

"ಆಯುಧ ಮಾತಾಡುಲೆ ಮಗಾ" ಎಂದಳು ಅವ್ವ. "ಏಳ್, ಸೌಟ್ ತಕ."

ಎದ್ದೆ. ಪೂಜೆ ಮುಗಿದ ಮೇಲೆ ಬ್ಯಾಟರಿ ಜೋಡಿಸಿ ನೋಡಿದರೆ, ಅವ್ವ ಹಬ್ಬಕ್ಕೆಂದು ತೊಳೆದಿದ್ದ ಮೋಟಾರು ಅಲುಗಲೇ ಇಲ್ಲ. ಹಬ್ಬದೂಟದ ಕಡಂಬಿಟ್ಟು ಹಂದಿಸಾರನ್ನು ಎಡಗೈಯಲ್ಲಿ ತಿಂದೆ, ಬಲಗೈಯಲ್ಲಿ ನೀರು ಹೊಯ್ದೆ. ಸಂಜೆ ಕರೆಂಟು ಬಂತು. ಆರೂ ಮೀನು ಉಳಿದವು!

ಮರುದಿನ ದೊರಸಾನಿ ಕಾರಿನಿಂದ ಇಳಿದವರೇ ಪೆಟ್ಟಿಗೆಯ ಮುಂದೆ ಕುಕ್ಕರಿಸಿ ಎಣಿಸಿ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಎರಡು ದಿನ ಕರೆಂಟೇ ಇರಲಿಲ್ಲವಂತೆ! ಹೇಗೆ ಉಳಿಸಿದಿರಿ?"

ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನಿಜ ಹೇಳಬಹುದಿತ್ತು. ಆದರೆ ಬ್ಯಾಟರಿ ಅಲ್ಲೇ ಕುಂಕುಮವಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. "ಎಲ್ಲ ಈ ಬ್ಯಾಟರಿ ಏರ್ಪಾಡು ಅಮ್ಮ! ಎರಡು ದಿನವೇನು, ಎರಡು ತಿಂಗಳು ಕರೆಂಟು ಹೋಗಲಿ, ನಮ್ಮ ಮನೆಯಲ್ಲಿ ಮೀನಿಗೆ ಭಯವಿಲ್ಲ" ಎಂದೆ.

"ಹೌದಾ?" ಅವರ ಮುಖ ಅರಳಿತು. "ಬಂಗಲೆಯ ಎಂಜಿನ್ ಕೆಟ್ಟಿದೆ, ರಿಪೇರಿಗೆ ಎರಡು ತಿಂಗಳಂತೆ. ಇವು ಇಲ್ಲೇ ಇರಲಿ. ಮದ್ರಾಸಿನಿಂದ ಇನ್ನೂ ಎಂಟು ತಂದಿದ್ದೀನಿ, ಕಾರಿನಲ್ಲಿವೆ."

ಎರಡನೆಯ ಪೆಟ್ಟಿಗೆ ಇಳಿಯಿತು, ಕಾರು ಹೋಯಿತು. ಸೀತೆ ಅಡುಗೆಮನೆಯಿಂದ ಇನ್ನೊಂದು ಸೌಟು ತಂದಿಟ್ಟಳು. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು: "ತಪ್ಪು ನಂದೇ ಮಗಾ. ಹೂವ ಕಿವಿಗೆ ಇಟ್ಟೆ. ಕೋವಿಗೆ ಇಟ್ಟಂಗೆ ಬಾಯಿಗೆ ಸಿಕ್ಕಿಸಕಿತ್ತ್."