ತುಳಿಯಬಾರದ ಯಂತ್ರ

೧೯೯೮ರ ದಸರೆಯಂದು ಪುಣೆಯ ಕ್ರೀಡಾ ಚಲನ ಸಂಶೋಧನಾಲಯದಲ್ಲಿ, ಓಟಗಾರರ ಪಾದದ ಒತ್ತಡ ಅಳೆಯುವ ಪರದೇಶದ ಹಲಗೆಗೆ ವಿಧಿವತ್ತಾಗಿ ಪೂಜೆ ನೆರವೇರಿತು. ಮರುದಿನ ನಿರ್ದೇಶಕ ಮೋಹನದಾಸರು ಸುತ್ತೋಲೆ ಹೊರಡಿಸಿದರು: "ಪೂಜೆಗೊಂಡ ಆಸ್ತಿಯನ್ನು ಯಾರೂ ಕಾಲಿನಿಂದ ಮುಟ್ಟತಕ್ಕದ್ದಲ್ಲ. ಕೈಯಿಂದ ಮುಟ್ಟುವವರು ಸ್ನಾನ ಮಾಡಿರತಕ್ಕದ್ದು."

ತುಳಿದರೆ ಮಾತ್ರ ಆ ಹಲಗೆ ಕೆಲಸ ಮಾಡುತ್ತಿತ್ತು. ಇದನ್ನು ಡಾಕ್ಟರ್ ಮಾಂತು ಮೂರು ಪ್ರತಿಗಳಲ್ಲಿ ಬರೆದು ತಿಳಿಸಿದ. ಮೂರನ್ನೂ ಫೈಲಿಗೆ ಸೇರಿಸಲಾಯಿತು. ಹನ್ನೊಂದು ವರ್ಷದಿಂದ ಮಾಂತು ಉಪನ್ಯಾಸಕನಾಗಿಯೇ ಕೊಳೆಯುತ್ತಿದ್ದ. ಮಾರ್ಚ್ ಮುಗಿಯುವುದರೊಳಗೆ ಓಟದ ಹೆಜ್ಜೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರೆ ರೀಡರ್ ಹುದ್ದೆ. ಇಲ್ಲದಿದ್ದರೆ ಅದು ನಿರ್ದೇಶಕರ ಸಡ್ಡಕನಿಗೆ. ಸಡ್ಡಕನಿಗೆ ಓಟದ ಬಗ್ಗೆ ಗೊತ್ತಿದ್ದದ್ದು ಬಸ್ಸಿನ ಹಿಂದೆ ಓಡುವುದಷ್ಟೇ.

ದಾರಿ ತೋರಿಸಿದವನು ಹೆಡ್ ಕ್ಲಾರ್ಕ್ ಸಿದ್ರಾಮಪ್ಪ.

"ಡಾಕ್ಟರ್ ಸಾಹೇಬ್ರ, ನಿಮಗ ಬೇಕಾಗಿದ್ದು ಬೂಟಿನ ಒತ್ತಡ ಹೌದಲ್ರಿ? ಅದಕ್ಕ ಕಾಲ್ಯಾಕ? ಹೊಸಾ ಬೂಟು ತರಸ್ರಿ. ನಾ ಕೈಗೆ ಹಾಕ್ಕೊಂಡು ಒತ್ತತೀನಿ. ಸ್ನಾನಾ ಮಾಡೇ ಬಂದೀನಿ."

ಬಾರಾಮತಿಯಿಂದ ಬಂದಿದ್ದ ನಾನೂರು ಮೀಟರ್ ಓಟಗಾರ್ತಿ ದೀಪಾಲಿ ಕಣ್ಣರಳಿಸಿದಳು. "ಮತ್ತ ನಾ ಏನ್ ಮಾಡ್ಲಿರಿ?"

"ನೀ ಬಾಜೂಕ ಓಡವ್ವ. ನಿನ್ನ ಕಾಲು ಬಿದ್ದಂಗ ನನ್ನ ಕೈ ಬೀಳತಾವ."

ಹಾಗೆಯೇ ಆಯಿತು. ಎರಡು ತಿಂಗಳು ದೀಪಾಲಿ ಬದಿಯಲ್ಲಿ ಓಡಿದಳು, ಸಿದ್ರಾಮಪ್ಪ ಹಲಗೆಯ ಮೇಲೆ ರೊಟ್ಟಿ ಬಡಿದಂತೆ ಬೂಟು ಬಡಿದ. ಅಂಕಿಗಳು ಕಂಪ್ಯೂಟರಿಗೆ ಹೋದವು. ಆದರೆ ಕಂಪ್ಯೂಟರ್ ಸುತ್ತೋಲೆ ಓದಿರಲಿಲ್ಲ. ತೆರೆಯ ಮೇಲಿನ ಕಡ್ಡಿಮನುಷ್ಯ ತಲೆಕೆಳಗಾಗಿ, ಕಾಲು ಆಕಾಶಕ್ಕೆತ್ತಿ, ಅಂಗೈ ಮೇಲೆ ಓಡತೊಡಗಿದ.

ಮಾಂತು ಕಂಪ್ಯೂಟರ್ ಆರಿಸಲು ಕೈ ಚಾಚಿದ. ನೋಡಲು ಬಂದಿದ್ದ ನಿರ್ದೇಶಕರು ಮಾತ್ರ ಹಿಗ್ಗಿ ಕುರ್ಚಿ ಬಿಟ್ಟೆದ್ದರು.

"ಎಂಥ ಶೋಧನೆ ಮಾರಾಯ್ರೆ! ಪರದೇಶದವರಿಗೂ ಇದು ಹೊಳೆಯಲಿಲ್ಲ ನೋಡಿ."

"ತಪ್ಪಾಗೇದ್ರಿ ಸರ."

"ತಪ್ಪಾ? ಹಾಗಾದರೆ ರೀಡರ್ ಹುದ್ದೆ..."

"ತಪ್ಪಂದ್ರ... ಭಾಳ ಹೊಸಾದದ ಅಂತ್ರಿ," ಎಂದ ಮಾಂತು.

ತಜ್ಞರ ಸಮಿತಿ ಚಹಾ ಆರುವುದರೊಳಗೆ ಒಪ್ಪಿಗೆ ಕೊಟ್ಟಿತು. ಏಪ್ರಿಲ್ ಒಂದರಿಂದ ಮಾಂತು ರೀಡರ್ ಆದ. ಜೂನ್ ಒಂದರಿಂದ ಸಂಸ್ಥೆಯ ಮೈದಾನದಲ್ಲಿ ಎಲ್ಲರೂ ಅಂಗೈ ಮೇಲೆ ಓಡತಕ್ಕದ್ದು, ಪಾದ ನೆಲಕ್ಕೆ ತಾಗಿದರೆ ದೋಷವೆಂದು ಪರಿಗಣಿಸಲಾಗುವುದು ಎಂಬ ಸೂಚನೆ ಬಂತು. ಕೆಳಗೆ ಮಾಂತುವಿನ ಸಹಿಯಿತ್ತು. ಐವತ್ತೇಳು ಸೆಕೆಂಡಿನಲ್ಲಿ ಓಡುತ್ತಿದ್ದ ದೀಪಾಲಿ ಈಗ ಹನ್ನೆರಡು ನಿಮಿಷ ತೆಗೆದುಕೊಂಡಳು. ಹೊಸ ವಿಧಾನದಲ್ಲಿ ಅದೇ ದಾಖಲೆಯಾದ್ದರಿಂದ ಅವಳಿಗೆ ಶಾಲು ಹೊದಿಸಿದರು.

ಶಾಲು ಮಡಚಿಕೊಂಡು ಅವಳು ಮಾಂತುವಿನ ಹೊಸ ಕೋಣೆಗೆ ಬಂದಳು.

"ಸರ, ನಿಮಗ ಬಡ್ತಿ ಸಿಕ್ತಲ್ರಿ. ಇನ್ನ ನಾ ಕಾಲಿಂದ ಓಡ್ಲೇನ್ರಿ?"

ಮಾಂತು ಕಿಟಕಿಯ ಕಡೆ ನೋಡಿದ. "ಅರ್ಜಿ ಕೊಡವ್ವ, ನೋಡೋಣು."

ದೀಪಾಲಿ ಅಲ್ಲೇ ಅರ್ಜಿ ಬರೆದಳು. ಅಂಗೈ ಸುಲಿದಿದ್ದರಿಂದ ಸಹಿ ಸೊಟ್ಟಗಾಯಿತು. ಸಹಿ ಹೊಂದುತ್ತಿಲ್ಲವೆಂದು ಬರೆದು ಮಾಂತು ಅದನ್ನು ತಿರಸ್ಕರಿಸಿದ. ಹೌದ್ರಿ, ಹೊಂದೂದಿಲ್ಲ ಎಂದು ಅವಳೂ ಒಪ್ಪಿದಳು. ಕಾಲು ಮೇಲೆತ್ತಿ ವರಾಂಡದಲ್ಲಿ ಹೊರಟಳು. ಮಾಂತು ಬಾಗಿಲಿಗೆ ಬಂದು ನಿಂತು, ಮೊಣಕೈ ಇನ್ನೂ ಸ್ವಲ್ಪ ನೆಟ್ಟಗಿರಲಿ ಎಂದು ತಿದ್ದಿದ.