ನಿನ್ನಿ ಬಿಜಿ ಇದ್ನಿ

ಶಿವಕುಮಾರಿ ಅಂಗಳ ಗುಡಿಸಲು ಹೊರಗೆ ಬಂದಾಗ ಎದುರು ಮನೆಯ ಮೌನೇಶ್ವರಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾ ನಿಂತಿದ್ದಳು. ಹೆಸರಿನಲ್ಲಿ ಬಿಟ್ಟರೆ ಮೌನ ಆಕೆಯ ಹತ್ತಿರ ಸುಳಿದದ್ದು ಸಿಂಧನೂರಿನ ಆ ಓಣಿಯಲ್ಲಿ ಯಾರಿಗೂ ನೆನಪಿಲ್ಲ.

"ಯಾಕವ್ವಾ ಶಿವಾ, ನಿನ್ನಿ ನಮ್ಮನಿ ಮದುವಿ ರೊಟ್ಟಿ ಬಡಿಯಾಕ ಬರ್ಲೇ ಇಲ್ಲಲ್ಲ?"

ಪೊರಕೆ ಅಲ್ಲೇ ನಿಂತಿತು.

"ನಿನ್ನಿ ಬಿಜಿ ಇದ್ನಿ ಅಕ್ಕಾ," ಎಂದುಬಿಟ್ಟಳು ಶಿವಕುಮಾರಿ.

ಆ ಮಾತು ಅವಳದಲ್ಲ, ಗಂಡ ಸಂಗನಬಸವನದು. ಗೊಬ್ಬರದ ಅಂಗಡಿ ನಡೆಸುವ ಅವನು ಸಿಲಿಂಡರ್ ತರದಿದ್ದರೆ 'ಬಿಜಿ ಇದ್ನಿ', ಮಗಳ ಕಾಲೇಜಿನ ಮೀಟಿಂಗಿಗೆ ಹೋಗದಿದ್ದರೆ 'ಬಿಜಿ ಇದ್ನಿ'. ಟೇಲರನೂ ಅದನ್ನೇ ಅನ್ನುತ್ತಿದ್ದ, ನಳ ರಿಪೇರಿಯವನೂ ಅದನ್ನೇ. ಬಿಜಿ ಇದ್ದೀನಿ ಅಂದರೆ ಯಾರಾದರೂ ಇಣುಕಿ ನೋಡಿಯಾರು. ಬಿಜಿ ಇದ್ದೆ ಅಂದರೆ ನಿನ್ನೆಯ ಬಾಗಿಲು ತೆರೆದು ಒಳಗೆ ಹೋಗುವವರು ಯಾರು? ಎಷ್ಟು ಭದ್ರವಾದ ಮಾತು! ಅದನ್ನು ತಾನೂ ಒಮ್ಮೆ ಆಡಬೇಕೆಂದು ಶಿವಕುಮಾರಿಗೆ ಬಹಳ ದಿನದಿಂದ ಆಸೆಯಿತ್ತು.

"ಬಿಜಿ? ಎದ್ರಾಗ?" ಎಂದಳು ಮೌನೇಶ್ವರಿ.

ಗಂಡಸರ ಬಾಯಲ್ಲಿ ಚಿಲಕ ಹಾಕುತ್ತಿದ್ದ ಮಾತು ತನ್ನ ಬಾಯಿಗೆ ಬಂದೊಡನೆ ಕಿಟಕಿಗಳನ್ನೆಲ್ಲ ತೆರೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಿಜ ಹೇಳುವಂತಿರಲಿಲ್ಲ. ನಿನ್ನೆ ಗಂಡ, ಅತ್ತೆ, ಮಗಳು ಲಿಂಗಸುಗೂರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಮನೆಯಲ್ಲಿ ಅವಳೊಬ್ಬಳೇ. ಬಾಗಿಲು ಹಾಕಿ, ಫೋನು ಬಂದ್ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿ ಕೈಕಾಲು ಚಾಚಿ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದಳು. ಪಾತ್ರೆಯಿಂದಲೇ ಮೊಸರನ್ನ ತಿಂದಿದ್ದಳು. ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದ್ದಳು, ಮತ್ತೆ ಮಲಗಿದ್ದಳು. ಇಡೀ ದಿನ ಯಾರಿಗೂ ಅವಳಿಂದ ಏನೂ ಬೇಕಾಗಿರಲಿಲ್ಲ. ಆ ಸುಖದ ರುಚಿ ಇನ್ನೂ ನಾಲಿಗೆಯ ಮೇಲಿತ್ತು.

ಆದರೆ ಓಣಿಯ ರೂಢಿ ರೂಢಿಯೇ. ಮದುವೆ ಮನೆಯವರು ಕರೆದರೆ ಹೆಂಗಸರು ಅವರವರ ಹಂಚು ಹಿಡಿದುಕೊಂಡು ಹೋಗಿ ದಿನಗಟ್ಟಲೆ ಕೆಡದ ಕಟಿರೊಟ್ಟಿ ಬಡಿದು ಕೊಡಬೇಕು. ನೀನು ಹೋದ ಮನೆಯವರು ನಿನ್ನ ಮನೆಗೆ ಬರುತ್ತಾರೆ. ಹೋಗದಿದ್ದರೆ, ದೀಪಾವಳಿಯ ಹೊತ್ತಿಗೆ ಗೊತ್ತಾಗಿರುವ ಮಗಳು ಅಮರೇಶ್ವರಿಯ ಮದುವೆಯಲ್ಲಿ ಶಿವಕುಮಾರಿ ಒಬ್ಬಳೇ ಒಲೆಯ ಮುಂದೆ ಕೂರಬೇಕು. ಜ್ವರವಿತ್ತು ಅಂದರೆ ಕಷಾಯ ಹಿಡಿದು ಹತ್ತು ಜನ ಬರುತ್ತಾರೆ. ಸುಮ್ಮನೆ ಮಲಗಿದ್ದೆ ಅಂದರೆ ಮುಗಿಯಿತು.

"ಅಂದ್ರ ನಮ್ಮ ಮನಿ ಬಾಗಿಲತನಕಾನೂ ಬಂದಿಲ್ಲ?" ಮೌನೇಶ್ವರಿ ಬಿಡಲಿಲ್ಲ.

"ಇಲ್ಲಕ್ಕಾ."

"ಬಂದು ಹೊಳ್ಳಿ ಹೋಗಿಲ್ಲಲ್ಲ?"

"ಇಲ್ಲಂದ್ನೆಲ್ಲಕ್ಕಾ!"

ಮೌನೇಶ್ವರಿ ಒಂದು ಉದ್ದನೆಯ ಉಸಿರು ಬಿಟ್ಟಳು. ಅದು ಸಿಟ್ಟಿನ ಉಸಿರೇ ಎಂದುಕೊಂಡ ಶಿವಕುಮಾರಿ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಹುಸೇನ್‌ಬೀ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು.

"ನಿನ್ನಿ ಏನು ಬಿಜಿ ಇದ್ದೀ ಶಿವಕ್ಕಾ? ಪಾತ್ರಿ ಸಪ್ಪಳಿಲ್ಲ, ಹಗ್ಗದ ಮ್ಯಾಲೆ ಒಂದು ಬಟ್ಟಿ ಇಲ್ಲ. ಹುಡುಗೀಗೆ ಬ್ಯಾರೆ ವರ ನೋಡಾಕ ಬಂದಿದ್ರೇನು?"

"ಅಯ್ಯ, ಬಿಡ್ತು ಅನ್ರೀ!" ಶಿವಕುಮಾರಿ ಪೊರಕೆ ಬಿಸಾಕಿದಳು. ಈ ಮಾತು ಸಂಜೆಯೊಳಗೆ ಬೀಗರ ಮನೆ ಮುಟ್ಟುತ್ತದೆ. "ವರ ಇಲ್ಲ, ಗಿರ ಇಲ್ಲ. ಮೌನಕ್ಕನ ಮನಿ ಮದುವಿಗೇ ಅಂತ... ಶೇಂಗಾ ಹೋಳಿಗಿ ಮಾಡಾಕತ್ತಿದ್ನಿ. ಗುಟ್ಟಾಗಿ."

ಮೌನೇಶ್ವರಿಯ ಕಣ್ಣು ತುಂಬಿಬಂದವು. "ನನ್ನವ್ವ! ಎಷ್ಟು ಮಾಡೀದಿ?"

"ಒಂದು ಬುಟ್ಟಿ," ಎಂದಿತು ಶಿವಕುಮಾರಿಯ ನಾಲಿಗೆ. "ಸಂಜಿಗೆ ತರತೀನಿ."

ಬಾಗಿಲು ಹಾಕಿಕೊಂಡು ಒಳಗೆ ಬಂದವಳು ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ಶೇಂಗಾದ ಡಬ್ಬಿ ಇಳಿಸಿದಳು. ನಿನ್ನೆ ಮಾಡಿದ ಹೋಳಿಗೆಯನ್ನು ಇವತ್ತು ಮಾಡುವುದು ಕಳ್ಳತನಕ್ಕಿಂತ ಕಷ್ಟ. ಹುರಿದರೆ ವಾಸನೆ ಬರುತ್ತದೆಂದು ಕಿಟಕಿ ಮುಚ್ಚಿದಳು. ಅಡುಗೆಮನೆ ಇಟ್ಟಿಗೆಭಟ್ಟಿಯಾಯಿತು. ಮಿಕ್ಸರಿಗೆ ಕೌದಿ ಹೊದಿಸಿದಳು. ಅದು ಚಳಿಜ್ವರ ಬಂದ ಎಮ್ಮೆಯಂತೆ ಕೌದಿಯೊಳಗೇ ನಡುಗಿತು.

ಸಿಪ್ಪೆ ಹಾರಿಸಲು ಮಾತ್ರ ಮಾಳಿಗೆಗೇ ಹೋಗಬೇಕಾಯಿತು. ಮೊರ ಎತ್ತಿದ್ದೇ ತಡ, ಗಾಳಿ ಬೀಸಿ ಸಿಪ್ಪೆಯೆಲ್ಲ ಹುಸೇನ್‌ಬೀಯ ಅಂಗಳದಲ್ಲಿ ಅಕ್ಷತೆಯಂತೆ ಉದುರಿತು.

"ಶಿವಕ್ಕಾ! ನಿನ್ನಿ ಮಾಡಿದ ಹೋಳಿಗಿ ಸಿಪ್ಪಿ ಇವತ್ತು ಹಾರತಾವೇನು?"

"ನಿನ್ನಿ ಗಾಳಿ ಎಲ್ಲಿತ್ತು ರೀ? ಅದಕ್ಕ ಇವತ್ತು ಹಾರ್ಸಾಕತ್ತೀನಿ!"

ಮಧ್ಯಾಹ್ನ ಸಂಗನಬಸವ ಒಬ್ಬನೇ ಲಿಂಗಸುಗೂರಿನಿಂದ ಬಂದ. ತಾಯಿ, ಮಗಳು ಅಲ್ಲೇ ಉಳಿದಿದ್ದರು.

"ನಿನ್ನಿ ಎಷ್ಟು ಸಲ ಫೋನ್ ಮಾಡೀನಿ, ಬರೇ ಬಂದ್ ಇತ್ತಲ್ಲ?"

"ಬಿಜಿ ಇದ್ನಿ."

"ನೀ? ಬಿಜಿ?" ಅವನು ಗಹಗಹಿಸಿ ನಕ್ಕ. "ಮನ್ಯಾಗ ಕುಂತು ಎಂಥಾ ಬಿಜಿ? ಊಟಕ್ಕ ಹಾಕು."

ಶಿವಕುಮಾರಿ ಇನ್ನೂ ಉಳಿದಿದ್ದ ಹುರಿದ ಶೇಂಗಾದ ಪರಾತವನ್ನು ಅವನ ಮುಂದೆ ಧಪ್ಪನೆ ಇಟ್ಟಳು. "ತಿಕ್ಕಿ ಸಿಪ್ಪಿ ಬಿಡಸ್ರಿ. ಅದಾದ ಮ್ಯಾಲೆ ಊಟ." ಅವಳ ಮುಖ ನೋಡಿ ಅವನು ತಿಕ್ಕತೊಡಗಿದ.

ಹೊತ್ತು ಇಳಿಯುವಾಗ ಅವಳ ರಟ್ಟೆ ಬಿದ್ದುಹೋಗಿದ್ದವು, ಬೆನ್ನು ಬಿಲ್ಲಾಗಿತ್ತು, ಆದರೆ ಬುಟ್ಟಿ ತುಂಬಿತ್ತು. ನಿನ್ನೆಯ ಸುಖಕ್ಕೆ ಇವತ್ತು ಬಡ್ಡಿಸಮೇತ ದಂಡ ಕಟ್ಟಿದೆನಲ್ಲ ಎಂದುಕೊಳ್ಳುತ್ತಾ ಬುಟ್ಟಿ ಹೊತ್ತು ಎದುರು ಮನೆಗೆ ನಡೆದಳು. ಸಿಪ್ಪೆಯ ಅನುಮಾನ ತೀರದ ಹುಸೇನ್‌ಬೀಯೂ ಹಿಂದೆಯೇ ಬಂದಳು.

ಮೌನೇಶ್ವರಿ ಬುಟ್ಟಿ ಇಳಿಸಿಕೊಳ್ಳುತ್ತಿರುವಾಗಲೇ ಬಾಗಿಲಿಗೆ ಒಂದು ಆಟೋ ಬಂದು ನಿಂತಿತು. ಮಸ್ಕಿಯಿಂದ ರೊಟ್ಟಿ ಮಾರಲು ಬರುವ ಮಸ್ತಾನಸಾಬ ಇಳಿದ. ಆಟೋದ ತುಂಬ ರೊಟ್ಟಿಯ ಡಬ್ಬಗಳು.

"ಏನಕ್ಕಾರ," ಎಂದ ಅವನು ದೊಡ್ಡ ದನಿಯಲ್ಲಿ, "ಮದುವಿ ರೊಟ್ಟಿ ನಿನ್ನೀಗೇ ತಾ ಅಂದವ್ರು ನೀವ. ತಂದು ಬಾಗಿಲ ಬಡದ್ನಿ, ಬಡದ್ನಿ. ಒಳಗ ಗೊರಕಿ ಹೊಡಿಯೂದು ಕೇಳತಿತ್ತು, ಬಾಗಿಲ ಮಾತ್ರ ತಗೀಲಿಲ್ಲ. ಹಂಗೇ ಹೊಳ್ಳಿ ಮಸ್ಕಿಗೆ ಹೋದ್ನಿ ನೋಡ್ರಿ!"

ಮೌನೇಶ್ವರಿ ಹುಟ್ಟಿದಂದಿನಿಂದ ಮೊದಲ ಸಲ ತನ್ನ ಹೆಸರಿಗೆ ತಕ್ಕಂತೆ ನಿಂತಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

"ನಿನ್ನಿ... ಬಿಜಿ ಇದ್ನಿ," ಎಂದಳು.

ಅವಳೇ ಮುಂದುವರಿಸಿದಳು: "ಏನು ಮಾಡ್ಲಿ? ನೀವೆಲ್ಲಾ ಬಂದ್ರ ಚಾ ಮಾಡು, ಚೂಡಾ ಕೊಡು, ಎಲ್ಲಾರಿಗೂ ಮಾತಾಡು. ಮದುವಿ ಓಡಾಟದಾಗ ಸುಸ್ತಾಗಿತ್ತು. ಕರೀದಿದ್ರ ಮಂದಿ ಆಡಿಕೊಂತಾರ. ಕರದ್ನಿ, ರೊಟ್ಟಿ ಮಸ್ಕಿಗೆ ಹೇಳಿದ್ನಿ, ಬಾಗಿಲ ಹಾಕ್ಕೊಂಡು ಮಲಗಿದ್ನಿ. ಯಾರರ ಬಂದು ಹೊಳ್ಳಿ ಹೋದ್ರೇನೋ ಅಂತ ರಾತ್ರೆಲ್ಲಾ ಜೀವ ಹೊಡಕೊಂತಿತ್ತು."

"ಯಾರು ಬರಬೇಕು?" ಎಂದಳು ಹುಸೇನ್‌ಬೀ ನೆಲ ನೋಡುತ್ತಾ. "ನಾನೂ ಬಿಜಿ ಇದ್ನಿ. ಮಲಕ್ಕೊಂಡು."

ಒಂದೇ ಓಣಿ, ಮೂರು ಮುಚ್ಚಿದ ಬಾಗಿಲು, ಮೂರು ತಿರುಗುವ ಫ್ಯಾನು. ಶಿವಕುಮಾರಿ ಕೆಂಪಾದ ತನ್ನ ಅಂಗೈಗಳನ್ನು ನೋಡಿಕೊಂಡಳು. ಅಳಬೇಕೋ ನಗಬೇಕೋ ತಿಳಿಯದೆ ಬಾಯಿ ತೆರೆದಾಗ ನಗೆಯೇ ಹೊರಬಂತು. ಅಷ್ಟರಲ್ಲಿ ಒಂದು ಹೋಳಿಗೆ ಬಾಯಿಗಿಟ್ಟುಕೊಂಡ ಮಸ್ತಾನಸಾಬ, "ನಿನ್ನೀವೇನ್ರಿ ಇವು? ಇನ್ನಾ ಬಿಸಿ ಅದಾವ!" ಎಂದ. ಅವಳ ನಿನ್ನೆಯೂ ಬಯಲಾಯಿತು. ಮೂವರು ಹೆಂಗಸರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನಗೆ ತಗ್ಗಿದ ಮೇಲೆ ಮೌನೇಶ್ವರಿಯೂ ಒಂದು ಹೋಳಿಗೆ ಮುರಿದು ತಿಂದಳು.

"ಶಿವಾ, ಬೆಣ್ಣಿ ಆಗ್ಯಾವಲ್ಲವಾ! ಮದುವಿ ಹೋಳಿಗಿ ಪೂರಾ ನೀನೇ ಮಾಡಿಬಿಡು."

"ಅಕ್ಕಾ, ನನ್ನ ರಟ್ಟಿ..."

"ನೀ ಒಬ್ಬಾಕಿನೇ ಯಾಕ? ನಾಳೆ ನಾವಿಬ್ಬರೂ ಲಟ್ಟಣಿಗಿ ತಗೊಂಡು ನಿಮ್ಮ ಮನಿಗೇ ಬರತೀವಿ. ಹೌದಿಲ್ಲೇನ ಹುಸೇನ್‌ಬೀ?"

"ಖರೇನ ಬರತೀವಿ," ಎಂದಳು ಹುಸೇನ್‌ಬೀ.

ಮರುದಿನ ಶಿವಕುಮಾರಿ ಬೆಳಿಗ್ಗೆಯೇ ಕಣಕ ನಾದಿ, ಹೂರಣ ಉಂಡೆಮಾಡಿ, ಇಬ್ಬರಿಗೂ ಚಾಪೆ ಹಾಸಿ ಕಾದಳು. ಶೇಂಗಾದ ಪರಾತ ಕಂಡ ಸಂಗನಬಸವ ತಿಂಡಿಯನ್ನೂ ತಿನ್ನದೆ ಅಂಗಡಿಗೆ ಓಡಿದ್ದ. ಬಿಸಿಲು ನೆತ್ತಿಗೇರಿತು. ಕೊನೆಗೆ ಅವಳೇ ಓಣಿಗಿಳಿದು ನೋಡಿದಳು.

ಎದುರು ಮನೆಯ ಬಾಗಿಲು ಮುಚ್ಚಿತ್ತು. ಪಕ್ಕದ್ದೂ ಮುಚ್ಚಿತ್ತು. ಕಿವಿಗೊಟ್ಟರೆ, ಎರಡರ ಒಳಗೂ ಫ್ಯಾನು ತಿರುಗುವ ಸಪ್ಪಳ ಕೇಳುತ್ತಿತ್ತು.