ಏಳನೇ ಕಾಲಂ ಗುರುವಾರದವರೆಗೆ ಖಾಲಿ ಬಿಡುವ ಬಗ್ಗೆ

ಇಂದ,
ಸದಸ್ಯ ಸಂಖ್ಯೆ ೪೧೨,
ನಿವೃತ್ತ ಲಿಫ್ಟ್ ಮೆಕ್ಯಾನಿಕ್ (ನಿವೃತ್ತಿ ಕಾಗದದಲ್ಲಿ ಮಾತ್ರ, ಈಗಲೂ ಊರಿನ ಅರ್ಧಕ್ಕರ್ಧ ಲಿಫ್ಟುಗಳು ನನ್ನ ಕೆಮ್ಮು ಕೇಳಿದರೆ ತಾವಾಗಿಯೇ ಕೆಳಗಿಳಿಯುತ್ತವೆ),
ಟೈಲರ್ ಅಂಗಡಿಯ ಕೆಳಗಿನ ಮನೆ.

ಗೆ,
ಮಾನ್ಯ ಕಾರ್ಯದರ್ಶಿಗಳು,
ಕೈಕಸುಬುದಾರರ ಪತ್ತಿನ ಸಹಕಾರ ಸಂಘ.
(ಎರಡನೇ ಕೌಂಟರಿನ ಮೇಡಂ ಅವರ ಮೂಲಕ)

ವಿಷಯ: ನನ್ನ ಕಾಲಾನಂತರ ನನ್ನ ಖಾತೆ ಯಾರಿಗೆ ಸೇರಬೇಕೆಂದು ತಿಳಿಸುವ ನಾಮಿನಿ ಫಾರಂನ ಏಳನೇ ಕಾಲಂ, ಅಂದರೆ ‘ಸದಸ್ಯರಿಗೂ ನಾಮಿನಿಗೂ ಇರುವ ಸಂಬಂಧ’, ಇದನ್ನು ಬರುವ ಗುರುವಾರದವರೆಗೆ ಖಾಲಿ ಬಿಡಲು ಅನುಮತಿ ಕೋರಿ.

ಉಲ್ಲೇಖ: ೧. ಮೂರು ಸಲ ಕೆಂಪು ಸೀಲು ಬಿದ್ದು ವಾಪಸಾದ ನನ್ನ ಫಾರಂ.
೨. ಮೇಡಂ ಅವರ ಮೌಖಿಕ ಬೈಗುಳ. ದಿನಾಂಕ ನೆನಪಿಲ್ಲ, ದನಿ ನೆನಪಿದೆ.

ಮಾನ್ಯರೇ,

೧. ಮೊದಲನೆಯದಾಗಿ, ಅರ್ಜಿದಾರನು ಸಾಮಾನ್ಯ ಮನುಷ್ಯನಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ್ದೇನೆ. ಹದಿನಾಲ್ಕನೇ ಮಹಡಿಯಲ್ಲಿ ಒಂದೇ ಕಿರುಬೆರಳಿನಿಂದ ಹಗ್ಗಕ್ಕೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಚಹಾ ಕುಡಿದು, ಲೋಟ ತೊಳೆದಿಟ್ಟವನು. ಆ ಕಟ್ಟಡಕ್ಕೆ ಹದಿಮೂರೇ ಮಹಡಿ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಅವರ್ಯಾರೂ ನನ್ನಷ್ಟು ಮೇಲೆ ಹೋದವರಲ್ಲ.

೨. ನನಗೆ ಹೆಂಡತಿ ಮಕ್ಕಳಿಲ್ಲ. ಅಕ್ಕನ ಮಕ್ಕಳು ಮೂವರಿದ್ದಾರೆ: ಫೋಟೋ ಸ್ಟುಡಿಯೋದವನು, ಡ್ರೈವಿಂಗ್ ಸ್ಕೂಲಿನವನು, ಕನ್ನಡಕದ ಅಂಗಡಿಯವನು. ಕಳೆದ ಆರು ವರ್ಷಗಳಲ್ಲಿ ನಾನು ಇಪ್ಪತ್ತಾರು ಸಲ ನಾಮಿನಿ ಬದಲಾಯಿಸಿದ್ದೇನೆ. ದೇಶ ಆಳುವವರೂ ಇಷ್ಟು ಚುರುಕಾಗಿ ಖಾತೆ ಬದಲಾಯಿಸಿರಲಾರರು. ಕನ್ನಡಕದವನು ಕಿತ್ತಳೆ ಹಣ್ಣು ತಂದರೆ ಆ ವಾರ ಅವನು. ಹಣ್ಣು ಹುಳಿಯಿದ್ದರೆ ಮರುವಾರ ಸ್ಟುಡಿಯೋದವನು. ಪ್ರತಿಯೊಬ್ಬನನ್ನೂ ಬಾಗಿಲ ಮರೆಗೆ ಕರೆದು, ಕೈಗೆ ರಸೀದಿ ಕೊಟ್ಟು, “ನಿನ್ನೊಬ್ಬನಿಗೇ ಕಣೋ, ಉಳಿದವರ ಕಿವಿಗೆ ಬೀಳಬಾರ್ದು” ಎನ್ನುತ್ತಿದ್ದೆ. ಮೂವರೂ ಬಾಯಿಬಿಡಲಿಲ್ಲ. ಅಷ್ಟು ಒಳ್ಳೆಯ ಹುಡುಗರು. ಹಳೆಯ ರಸೀದಿ ವಾಪಸು ಪಡೆಯದಿದ್ದದ್ದು ನನ್ನ ಜೀವಮಾನದ ಏಕೈಕ ತಪ್ಪು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

೩. ಒಂಬತ್ತು ತಿಂಗಳ ಹಿಂದೆ, ಪೇಟೆಯ ದೊಡ್ಡ ಕಟ್ಟಡವೊಂದರ ಲಿಫ್ಟನ್ನು ನಾನೇ ರಿಪೇರಿ ಮಾಡಿ, ನಾನೇ ಪರೀಕ್ಷಿಸುತ್ತಿರುವಾಗ, ಸದರಿ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ನಿಂತಿತು. ಒಟ್ಟು ಏಳು ಗಂಟೆ. ಕಟ್ಟಡದ ಕಾವಲುಗಾರನ ಲೆಕ್ಕದಲ್ಲಿ ಒಂದೂ ಮುಕ್ಕಾಲು ಗಂಟೆ. ಅವನು ಹೊರಗಿದ್ದ, ಅವನಿಗೇನು ಗೊತ್ತು. ಬೀದಿಯಲ್ಲಿ ಮಾತ್ರ “ಲಿಫ್ಟ್ ಮಾವ ಹೋದ್ರಂತೆ” ಎಂದು ಸುದ್ದಿ ಹಬ್ಬಿತು. ಮುಂದೆ ತಮ್ಮ ಕಚೇರಿಯಲ್ಲಿ ನಡೆದದ್ದನ್ನು ಮೇಡಂ ಅವರ ಮಾತಿನಲ್ಲಿಯೇ ದಾಖಲಿಸುತ್ತೇನೆ:

“ಮೂರೂ ಜನ ಕಂತೆ ಕಂತೆ ರಸೀದಿ ಹಿಡ್ಕೊಂಡು ಬಂದ್ರು ಸಾರ್. ‘ಬಾಡಿ ಎಲ್ಲಿ?’ ಅಂದೆ. ‘ಇನ್ನೂ ಲಿಫ್ಟಲ್ಲಿದೆ’ ಅಂದ್ರು. ‘ನೋಡ್ಕೊಂಡು ಬಂದ್ರಾ?’ ಅಂದೆ. ‘ಇಲ್ಲ ಮೇಡಂ, ಟೋಕನ್ ಮುಗ್ದುಹೋಗತ್ತಲ್ಲ, ಅದಕ್ಕೇ ಮೊದ್ಲು ಇಲ್ಲಿಗೆ ಬಂದ್ವಿ’ ಅಂದ್ರು.”

೪. ಅದೇ ಹೊತ್ತಿಗೆ ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡು ಬಂದವರು ಒಬ್ಬರೇ. ನನ್ನ ಮನೆಯ ಮೇಲಿನ ಟೈಲರಮ್ಮ. ಅವರೂ ತಮ್ಮ ಸಂಘದ ಸದಸ್ಯರೇ. ಅವರ ಬಗ್ಗೆ ಕಚೇರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿ: ಯಾವ ಬಟ್ಟೆ ಕೊಟ್ಟರೂ “ಗುರುವಾರ ಬನ್ನಿ” ಎನ್ನುತ್ತಾರೆ. ಯಾವ ಗುರುವಾರ ಎಂದು ಹೇಳುವುದಿಲ್ಲ. ನನ್ನ ಪ್ಯಾಂಟು ಹನ್ನೊಂದು ಗುರುವಾರ ಕಂಡಿತ್ತು. ಬಾಗಿಲ ಸಂದಿಯಲ್ಲಿ ನಡೆದ ಮಾತುಕತೆ ಈ ಕೆಳಕಂಡಂತಿದೆ:

“ಅದೇನ್ರೀ, ಲಿಫ್ಟ್ ರಿಪೇರಿಯವರೇ ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರಾ? ನಾನು ನನ್ನ ಬೆರಳನ್ನೇ ಹೊಲ್ಕೊಂಡಂಗಾಯ್ತು.”

“ಸಿಕ್ಕಾಕ್ಕೊಂಡಿಲ್ಲ. ತಪಾಸಣೆ ಮಾಡ್ತಿದ್ದೀನಿ.”

“ಮಾಡಿ ಮಾಡಿ. ನಿಮ್ಮ ಪ್ಯಾಂಟ್ ತಂದಿದ್ದೀನಿ, ಕಾಲು ಮಡಚಿ ಹೊಲೀತಾ ಇಲ್ಲೇ ಕೂತಿರ್ತೀನಿ. ಮಾತಾಡ್ತಾ ಇರಿ, ಸುಮ್ನಾಗ್ಬೇಡಿ. ಸುಳ್ಳಾದ್ರೂ ಪರವಾಗಿಲ್ಲ.”

ಒಳಗೆ ದೀಪ ಆರಿತ್ತು. ನಾನು ಹೆದರಲಿಲ್ಲ. ಹೆದರಿದ್ದು ನನ್ನ ಟಾರ್ಚು, ಅದೂ ಆರಿಹೋಯಿತು. ಆದ್ದರಿಂದ ಆ ಏಳು ಗಂಟೆಯೂ ಸುಳ್ಳು ಹೇಳಿದೆ. ಕಿರುಬೆರಳಿನ ಕಥೆ ಬಂದಾಗ ಅವರು ಕೇಳಿದರು: “ಒಂದು ಕೈಲಿ ಹಗ್ಗ, ಒಂದು ಕೈಲಿ ಚಹಾ. ಮತ್ತೆ ಲೋಟ ತೊಳೆದಿದ್ದು ಯಾವ ಕೈಲಿ?” ಮೂವತ್ತೆಂಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ಮಾನ್ಯರೇ. ಕತ್ತಲಲ್ಲಿ ಒಬ್ಬನೇ ಬಿದ್ದು ಬಿದ್ದು ನಕ್ಕೆ. ಹೊರಗೆ ಅವರೂ ನಗುತ್ತಿದ್ದರು. ಬಾಗಿಲು ತೆರೆದಾಗ ಪ್ಯಾಂಟು ಸಿದ್ಧವಾಗಿತ್ತು. ಅಂದು ಮಂಗಳವಾರ.

೫. ಕಾರಣ, ಮರುದಿನವೇ ಇಪ್ಪತ್ತಾರೂ ನಾಮಿನಿಗಳನ್ನು ರದ್ದುಪಡಿಸಿ ಟೈಲರಮ್ಮನ ಹೆಸರು ಬರೆದೆ. ಏಳನೇ ಕಾಲಂನಲ್ಲಿ ‘ಮೇಲಿನ ಅಂಗಡಿಯವರು’ ಎಂದು ನಮೂದಿಸಿದೆ. “ಅದು ವಿಳಾಸ ಸಾರ್, ಸಂಬಂಧ ಅಲ್ಲ” ಎಂದರು ಮೇಡಂ. ಕೆಂಪು ಸೀಲು. ಎರಡನೇ ಸಲ ‘ಹಿತೈಷಿ’ ಎಂದು ಬರೆದೆ. “ಅದು ಕರಪತ್ರದ ಕೆಳಗೆ ಹಾಕೋದು.” ಕೆಂಪು ಸೀಲು. ಮೂರನೇ ಸಲ ‘ಹೊರಗೆ ಕೂತಿದ್ದವರು’ ಎಂದು ಬರೆದಾಗ ಮೇಡಂ ಕುರ್ಚಿಯಿಂದ ಎದ್ದೇ ನಿಂತರು.

“ಸಾರ್, ಅವ್ರು ನಿಮಗೆ ಏನಾಗ್ಬೇಕು?”

“ಅದೇ ತಿಳೀತಿಲ್ಲ ಮೇಡಂ.”

“ಹಾಗಾದ್ರೆ ನನ್ ಪ್ರಾಣ ಯಾಕ್ ತಿಂತೀರಿ? ಹೋಗಿ ಅವ್ರನ್ನೇ ಕೇಳಿ!”

ಸಾಲಿನಲ್ಲಿ ನಿಂತಿದ್ದ ಬಡಗಿಗಳು, ಗಡಿಯಾರ ರಿಪೇರಿಯವರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಾವಿರ ಜನ ಇದ್ದಿರಬಹುದು.

೬. ನನ್ನ ಮನೆಯಿಂದ ಟೈಲರ್ ಅಂಗಡಿಗೆ ಹನ್ನೊಂದು ಮೆಟ್ಟಿಲು. ಹದಿನಾಲ್ಕನೇ ಮಹಡಿಯ ವೀರನಿಗೆ ಈ ಹನ್ನೊಂದನ್ನು ಹತ್ತಲು ಒಂಬತ್ತು ತಿಂಗಳು ಹಿಡಿಯಿತು. ಕೊನೆಗೆ ಮೊನ್ನೆ ಸೋಮವಾರ, ಮೂರು ಕೆಂಪು ಸೀಲಿನ ಫಾರಂ ಹಿಡಿದು ಹತ್ತಿದೆ. ಅವರ ಬಾಯಿಯಲ್ಲಿ ಗುಂಡುಪಿನ್ನುಗಳಿದ್ದವು. ಫಾರಂ ಓದಿದರು. ಒಂದೊಂದಾಗಿ ಪಿನ್ನು ತೆಗೆದು ದಿಂಬಿಗೆ ಚುಚ್ಚಿದರು. ಆಮೇಲೆ ಕೇಳಿದರು:

“ಏನಂತ ಬರೀಬೇಕು ಅಂತಿದ್ದೀರಿ?”

“ಹೆಂಡತಿ ಅಂತ ಬರೆದ್ರೆ ಮೇಡಂ ವಾಪಸ್ ಕಳ್ಸಲ್ಲ.”

“ಮೇಡಂ ವಾಪಸ್ ಕಳ್ಸಲ್ಲ ಅಂತ ನನ್ನ ಮದ್ವೆ ಆಗ್ತೀರಾ?”

ನೂರೆಂಟು ಸುಳ್ಳು ನಾಲಿಗೆಯ ತುದಿಯಲ್ಲಿದ್ದವು. ಒಂದೂ ಹೊರಬರಲಿಲ್ಲ. “ಅಲ್ಲ. ಇನ್ನೊಂದ್ಸಲ ಸಿಕ್ಕಾಕ್ಕೊಂಡ್ರೆ ಹೊರಗಡೆ ನೀವೇ ಇರ್ಬೇಕು ಅಂತ,” ಎಂದೆ. ಅವರು ಟೇಪನ್ನು ಬಿಚ್ಚಿದರು, ಮತ್ತೆ ಸುತ್ತಿದರು. ಅಳೆಯಲು ಅಲ್ಲಿ ಏನೂ ಇರಲಿಲ್ಲ.

“ಗುರುವಾರ ಬನ್ನಿ,” ಎಂದರು. ಮೆಷಿನ್ನಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು. “ಇದು ನನ್ನ ನಾಮಿನಿ ಫಾರಂ. ಸಂಘಕ್ಕೆ ಹೋದಾಗ ಕೊಟ್ಬಿಡಿ. ದಾರೀಲಿ ಒಡೆದು ನೋಡಿದ್ರೋ, ಕತ್ತರಿ ಇಲ್ಲೇ ಇದೆ.”

೭. ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಏಳನೇ ಕಾಲಂ ಅನ್ನು ಗುರುವಾರದವರೆಗೆ ಖಾಲಿ ಬಿಡಬೇಕು. ‘ಗುರುವಾರ’ ಎಂಬುದನ್ನು ಕಚೇರಿ ಉದಾರವಾಗಿ ಅರ್ಥೈಸಿಕೊಳ್ಳಬೇಕು. ಅಷ್ಟರೊಳಗೆ ನಾನು ಸಾಯುವುದಿಲ್ಲವೆಂದು ಲಿಖಿತ ಭರವಸೆ ನೀಡುತ್ತೇನೆ. ಕೊಟ್ಟ ಮಾತಿಗೆ ತಪ್ಪಿದವನಲ್ಲ. ಅಕ್ಕನ ಮಕ್ಕಳು ಸಾಕ್ಷಿ ಸಹಿ ಹಾಕಲು ಒಪ್ಪಿದ್ದಾರೆ. ಸ್ಟುಡಿಯೋದವನು ಜೋಡಿ ಫೋಟೋ ಪುಕ್ಕಟೆ ಎಂದಿದ್ದಾನೆ, ಕಣ್ಣಲ್ಲಿ ನೀರು ಹಾಕಿಕೊಂಡು. ಯಾವ ಕಾರಣಕ್ಕೆಂದು ನಾನು ವಿಚಾರಿಸಿಲ್ಲ.

ಇನ್ನೂ ಉಸಿರಾಡುತ್ತಿರುವ ತಮ್ಮ ವಿಶ್ವಾಸಿ,
ಸದಸ್ಯ ಸಂಖ್ಯೆ ೪೧೨

ಲಗತ್ತುಗಳು:
ಅ) ಕೆಂಪು ಸೀಲಿನ ಫಾರಂ, ಮೂರು ಪ್ರತಿ.
ಆ) ರದ್ದಾದ ರಸೀದಿಗಳು, ಇಪ್ಪತ್ತೈದು. (ಒಂದನ್ನು ಕನ್ನಡಕದವನು ನೆನಪಿಗೆಂದು ಇಟ್ಟುಕೊಂಡಿದ್ದಾನೆ.)
ಇ) ಟೈಲರಮ್ಮನವರ ಲಕೋಟೆ. ಇದು ಹನ್ನೊಂದು ಮೆಟ್ಟಿಲು ಇಳಿಯುವಷ್ಟರಲ್ಲಿ ತಾನಾಗಿಯೇ ತೆರೆದುಕೊಂಡಿತು. ಒಳಗಿನ ಫಾರಂ ಮೇಲಿನ ದಿನಾಂಕ ಒಂಬತ್ತು ತಿಂಗಳ ಹಿಂದಿನದು, ಲಿಫ್ಟಿನ ಮರುದಿನದ್ದು. ನಾಮಿನಿಯ ಹೆಸರು ನನ್ನದು. ಏಳನೇ ಕಾಲಂನಲ್ಲಿ ಪೆನ್ಸಿಲಿನಿಂದ ‘ಗಂಡ’ ಎಂದು ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಕೇಳಿದರೆ’ ಎಂದಿದೆ.

ವಿಶೇಷ ಸೂಚನೆ: ಗುರುವಾರ ನಾನು ಆಶ್ಚರ್ಯಪಡಬೇಕಾಗಿರುವುದರಿಂದ, ಸದರಿ ಲಕೋಟೆಯನ್ನು ಕಚೇರಿಯ ಗೋಂದಿನಿಂದ ಗುರುತು ಸಿಗದಂತೆ ಅಂಟಿಸಿಡಬೇಕಾಗಿ ವಿನಂತಿ. ನಾನು ಲಿಫ್ಟಿನ ಗ್ರೀಸಿನಿಂದ ಪ್ರಯತ್ನಿಸಿದ್ದೇನೆ. ನಿಲ್ಲುತ್ತಿಲ್ಲ.